ಮೇದಪ್ಪ ಗೌಡರ ಸಜ್ಜಿಗೆ

ಪೆರಾಬೆಯ ಮೇದಪ್ಪ ಗೌಡರ ಮಾತು ನಿಂತದ್ದು ಒಂದು ಶನಿವಾರ ಬೆಳಿಗ್ಗೆ, ಬಾಯಿ ಮುಕ್ಕಳಿಸುತ್ತಿದ್ದಾಗ. ಬಾಯಲ್ಲಿದ್ದ ನೀರನ್ನು ಉಗುಳಲು ಆಗದೆ ಎದೆಯ ಮೇಲೆ ಇಳಿಸಿಕೊಂಡರು, ಬಲಗೈ ಜೋತುಬಿತ್ತು, ಅಲ್ಲೇ ಅಂಗಳದ ಕಲ್ಲಿನ ಪಕ್ಕ ಕುಸಿದು ಕುಳಿತರು. ಮಗ ತೀರ್ಥರಾಮ ರಾಮಕುಂಜದ ಶಾಲೆಯಲ್ಲಿ ಮಾಸ್ತರು. ಬಾಡಿಗೆ ಕಾರು ಹಿಡಿದು ಅಪ್ಪನನ್ನು ಪುತ್ತೂರಿಗೆ ಕರೆದೊಯ್ದ. ಹನ್ನೊಂದು ದಿನ ಕಳೆದು ಗೌಡರು ಮನೆಗೆ ಬಂದರು. ಬಲಗೈ, ಬಲಗಾಲು ಬರಲಿಲ್ಲ. ಮಾತೂ ಬರಲಿಲ್ಲ.

ಡಾಕ್ಟರು ಹೇಳಿ ಕಳಿಸಿದ್ದು ಇಷ್ಟು: "ಇದರ ಬೇರು ಸಕ್ಕರೆ ಕಾಯಿಲೆ ಮಾಸ್ಟ್ರೆ. ಅನ್ನ ಕಡಿಮೆ ಮಾಡಿ, ಗೋಧಿಯದ್ದು ಎಂತಾದರೂ ಕೊಡಿ. ಸಕ್ಕರೆ, ಬೆಲ್ಲ ಅವರ ನಾಲಗೆಗೆ ತಾಗಬಾರದು. ಬಲಗಾಲಿನ ಹೆಬ್ಬೆರಳಿನ ಹುಣ್ಣು ನೋಡಿದಿರಲ್ಲ? ಅದು ಮೇಲೆ ಹತ್ತಿದರೆ ಕಾಲು ತೆಗೀಬೇಕಾಗ್ತದೆ. ಇನ್ನೊಂದು ಸಲ ಹೀಗೆ ಆದರೆ ನನ್ನ ಕೈಯಲ್ಲಿ ಎಂತದೂ ಇಲ್ಲ."

ಸೊಸೆ ಶೀಲಾವತಿ ಅಂದೇ ಸಕ್ಕರೆ ಡಬ್ಬಿಯನ್ನು ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಗಳ ಹಿಂದೆ ಬಚ್ಚಿಟ್ಟಳು. ಅತ್ತೆ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಮನೆಯಲ್ಲಿ ಹೆಂಗಸು ಎಂದರೆ ಅವಳೊಬ್ಬಳೇ. ಮಾವನ ಮೈ ಒರೆಸುವುದು, ಹುಣ್ಣಿಗೆ ಬಟ್ಟೆ ಕಟ್ಟುವುದು ತೀರ್ಥರಾಮನ ಕೆಲಸ, ಉಣಿಸುವುದು ಅವಳದು.

ಮನೆಗೆ ಬಂದ ನಾಲ್ಕನೆಯ ದಿನ ಗೌಡರು ಬಾಯಿ ತೆರೆದರು. ತುಟಿ ಓರೆಯಾಯಿತು, ಗಂಟಲಿನ ನರ ಉಬ್ಬಿತು, ಬಹಳ ಹೊತ್ತು ಒದ್ದಾಡಿದ ಮೇಲೆ ಮಾತೊಂದು ಹೊರಗೆ ಬಿತ್ತು.

"ಸಜ್ಜಿಗೆ."

ಶೀಲಾವತಿಗೆ ಅಳು ಬಂದುಬಿಟ್ಟಿತು. ಮಾತು ಬಂತು ಎಂಬ ಸಂತೋಷ ಒಂದು ಕಡೆ, ಡಾಕ್ಟರು ಗೋಧಿ ಕೊಡಿ ಎಂದರೆ ಮಾವನೂ ಗೋಧಿರವೆಯ ತಿಂಡಿಯನ್ನೇ ಕೇಳಿದರಲ್ಲ ಎಂಬ ಸಂತೋಷ ಇನ್ನೊಂದು ಕಡೆ. ಓಡಿಹೋಗಿ ಒಲೆ ಉರಿಸಿದಳು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ ಸಿಡಿಸಿ, ಕರಿಬೇವಿನಸೊಪ್ಪು, ಹಸಿಮೆಣಸು ಹಾಕಿ, ರವೆ ಹುರಿದು, ನೀರು ಉಪ್ಪು ಸೇರಿಸಿ, ಇಳಿಸುವಾಗ ಮುಷ್ಟಿ ತುಂಬ ಕಾಯಿತುರಿ ಉದುರಿಸಿದಳು. ಅವಳ ಕೈಯ ಸಜ್ಜಿಗೆ ಉದುರು ಉದುರಾಗಿರುತ್ತದೆ ಎಂದು ತವರಿನ ಸುಳ್ಯದಲ್ಲಿಯೂ ಹೆಸರಿತ್ತು. ಆರಿಸಿ, ಕೈಯಲ್ಲೇ ಹಿಚುಕಿ ಮೆತ್ತಗೆ ಮಾಡಿ ಮಾವನ ಬಾಯಿಗಿಟ್ಟಳು.

ಗೌಡರು ಆಸೆಯಿಂದ ಬಾಯಿ ತೆರೆದರು. ನಾಲಗೆಗೆ ತಾಗಿದ್ದೇ ತಡ, ಮುಖ ಕಿವಿಚಿ ಥೂ ಎಂದು ಉಗುಳಿದರು. ಉಗುಳಿ ಅವಳ ಮುಖವನ್ನೇ ನೋಡಿ ಮತ್ತೆ ಹೇಳಿದರು: "ಸಜ್ಜಿಗೆ."

"ಇದುವೇ ಸಜ್ಜಿಗೆ, ಮಾವ."

"ಸಜ್ಜಿಗೆ! ಸಜ್ಜಿಗೆ!"

ಅಲ್ಲಿಂದ ಶುರುವಾಯಿತು. ಬೇರೆ ಮಾತು ಒಂದೂ ಬರಲಿಲ್ಲ. ಬೆಳಗಾದರೆ ಸಜ್ಜಿಗೆ, ಸಂಜೆಯಾದರೆ ಸಜ್ಜಿಗೆ. ಬಟ್ಟಲು ಕಂಡರೆ ಬಾಯಿ ತೆರೆಯುವುದು, ನಾಲಗೆಗೆ ತಾಗಿದರೆ ಉಗುಳುವುದು. ಬೇರೆ ಏನು ಕೊಟ್ಟರೂ ಎರಡು ತುತ್ತಿಗೆ ಹಲ್ಲು ಕಚ್ಚಿಬಿಡುತ್ತಿದ್ದರು. ತಿಂಗಳೊಳಗೆ ಕೊರಳೆಲುಬು ಎದ್ದು ಕಂಡಿತು. ಹೀಗೇ ಹೋದರೆ ಮಾವ ಹಸಿದೇ ಸಾಯುತ್ತಾರೆ, ನನ್ನ ಕೈಯಲ್ಲೇ ಸಾಯುತ್ತಾರೆ ಎಂದು ಶೀಲಾವತಿಗೆ ಭಯ ಹಿಡಿಯಿತು.

ಮಾವನ ಮಾತು ಹೋದರೆ ಊರಿಗೆ ಮಾತು ಬಂತು. ರೋಗಕ್ಕೆ ಮದ್ದು ಹೇಳುವವರು ಎಲ್ಲ ಊರಲ್ಲಿಯೂ ಇರುತ್ತಾರೆ. ಇಲ್ಲಿ ಸಜ್ಜಿಗೆಗೆ ಮದ್ದು ಹೇಳುವವರು ಹುಟ್ಟಿಕೊಂಡರು. ಬೇಲಿಯಾಚೆಯ ಕುಂಞಿಪಾತುಮ್ಮ ಬಂದು ಹೇಳಿದಳು: "ನೀರುಳ್ಳಿ ಹಾಕದೆ ಎಂತ ಸಜ್ಜಿಗೆ ಶೀಲಕ್ಕ? ನಮ್ಮಲ್ಲಿ ನೀರುಳ್ಳಿ ಕೆಂಪಗೆ ಹುರಿದು ಕಾಯಿಹಾಲಲ್ಲಿ ಬೇಯಿಸುದು. ಮುದುಕರಿಗೆ ಗಂಟಲಲ್ಲಿ ಸಲೀಸು ಇಳೀತದೆ." ಹಾಗೆಯೇ ಮಾಡಿದಳು. ಥೂ. ಕಡಲೆ ಬೇಯಿಸಿ ಸೇರಿಸಿ ನೋಡು ಎಂದರು ಒಬ್ಬರು, ಅವಲಕ್ಕಿ ಒಗ್ಗರಿಸಿ ಮೇಲೆ ಹಾಕು ಎಂದರು ಇನ್ನೊಬ್ಬರು. ಥೂ, ಥೂ. ಊಟ ತನ್ನಿಚ್ಛೆ ಎಂದು ಗಾದೆಯೇನೋ ಉಂಟು. ಇಚ್ಛೆ ಏನೆಂದು ಹೇಳಲು ನಾಲಗೆಯೇ ಏಳದವನು ಏನು ಮಾಡಬೇಕು ಎಂದು ಗಾದೆ ಮಾಡಿದವರು ಹೇಳಿಲ್ಲ.

ಕೊನೆಗೆ ಸುಳ್ಯದ ಗಂಡನ ಮನೆಯಿಂದ ಗೌಡರ ಮಗಳು ವಾರಿಜಾಕ್ಷಿ ಬಂದಳು. ತೀರ್ಥರಾಮನಿಗಿಂತ ಹಿರಿಯಳು, ಶೀಲಾವತಿಗೆ ಅತ್ತಿಗೆ. ಬಂದವಳು ಸೀರೆ ಸೊಂಟಕ್ಕೆ ಸಿಕ್ಕಿಸಿ, "ನೀನು ಆಚೆ ಇರು, ಅಪ್ಪನ ನಾಲಗೆ ನನಗೆ ಗೊತ್ತುಂಟು" ಎಂದು ತಾನೇ ಒಲೆಯ ಮುಂದೆ ಕುಳಿತಳು. ಆ ಸಜ್ಜಿಗೆ ಅವಳ ಸೀರೆಯ ಮೇಲೆಯೇ ಬಿತ್ತು. ಅಷ್ಟಾದರೂ ಹೊರಡುವಾಗ ಅಂಗಳದಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದಳು: "ನಾನು ಬರುವಾಗಲೇ ಅಪ್ಪನಿಗೆ ಬಾಯಿ ಕೆಟ್ಟುಹೋಗಿತ್ತು. ಮೊದಲಿಂದಲೇ ಹದ ನೋಡಿ ಮಾಡಿ ಹಾಕಿದ್ದರೆ ಹೀಗೆ ಆಗ್ತಿರಲಿಲ್ಲ. ಒಂದು ಸಜ್ಜಿಗೆ, ಮಾರಾಯ್ರೆ! ಅದು ದೊಡ್ಡ ವಿದ್ಯೆಯಾ?"

ಶೀಲಾವತಿ ಉಗುಳು ಬಿದ್ದ ನೆಲ ಒರೆಸಲು ಒಳಗೆ ಹೋದಳು. ನಲವತ್ತು ದಿನದಿಂದ ಒಂದು ತಿಂಡಿಯನ್ನು ಹದಿನೆಂಟು ಬಗೆಯಲ್ಲಿ ಮಾಡಿ ಹದಿನೆಂಟನ್ನೂ ಉಗುಳಿಸಿಕೊಂಡವಳು ಅವಳು.

ಆಗ ನಮ್ಮ ಜಿಲ್ಲೆ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿ ಆರೇಳು ವರ್ಷವಾಗಿತ್ತು. ಸರ್ಕಾರದ ಕಾಗದದಲ್ಲಿ ಕನ್ನಡದವರೆಲ್ಲ ಒಂದಾಗಿದ್ದರು. ಅಡುಗೆಮನೆಗೆ ಆ ಕಾಗದ ಇನ್ನೂ ಮುಟ್ಟಿರಲಿಲ್ಲ. ಘಟ್ಟದ ಮೇಲಿನ ಮೇಷ್ಟರುಗಳನ್ನು ಇಲ್ಲಿಗೆ ಹಾಕತೊಡಗಿದ್ದರು. ತೀರ್ಥರಾಮನ ಶಾಲೆಗೂ ಮಂಡ್ಯದ ಕಡೆಯವರೊಬ್ಬರು ಬಂದಿದ್ದರು. ಅವರ ಹೆಂಡತಿ ಪುಟ್ಟತಾಯಮ್ಮ ಒಂದು ಮಧ್ಯಾಹ್ನ, ಬಿಳಿಯ ಬೆಳ್ತಿಗೆ ಅಕ್ಕಿ ಸಿಗುತ್ತದೆಯೇ ಎಂದು ಕೇಳಿಕೊಂಡು ಶೀಲಾವತಿಯ ಮನೆಗೆ ಬಂದಳು.

"ನಿಮ್ಮ ಈ ದಪ್ಪ ಕೆಂಪಕ್ಕಿ ನಮ್ಮ ಯಜಮಾನ್ರಿಗೆ ಆಗೋದೇ ಇಲ್ಲ ಕಣಮ್ಮ" ಎಂದು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಕಷ್ಟ ಹೇಳಿಕೊಂಡಳು. "ಅಂಗಡಿಗೆ ಹೋಗಿ ಮೆಣಸು ಕೊಡಪ್ಪ ಅಂದ್ರೆ ಒಣಮೆಣಸಿನಕಾಯಿ ಕಟ್ಟಿಕೊಟ್ಟ. ಇದಲ್ಲಪ್ಪ, ಮೆಣಸು ಅಂದೆ. ಇದೇ ಮೆಣಸು ಅಂದ. ಸಾರಿಗೆ ಹಾಕೋ ಕಪ್ಪು ಕಾಳು ಅಂತ ಕೈಸನ್ನೆ ಮಾಡಿ ತೋರಿಸ್ಬೇಕಾಯ್ತು. ಕನ್ನಡದವಳಾಗಿ ಕನ್ನಡದೂರಲ್ಲಿ ಮೂಗಿ ಹಂಗೆ ನಿಂತಿದ್ದೆ ನೋಡಿ."

ಶೀಲಾವತಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಬೆಳಿಗ್ಗೆ ಮಾವನಿಗೆಂದು ಮಾಡಿದ್ದರಲ್ಲಿ ಬಟ್ಟಲಿಗೆ ಹಾಕದೆ ಉಳಿದದ್ದು ಬಾಣಲೆಯಲ್ಲಿತ್ತು. ಬಿಸಿ ಮಾಡಿ ಬಟ್ಟಲಲ್ಲಿ ಹಾಕಿ, "ಒಂದಿಷ್ಟು ಸಜ್ಜಿಗೆ ತಿನ್ನಿ ಅಮ್ಮ, ಕಾಫಿ ಮಾಡ್ತೇನೆ" ಎಂದು ಮುಂದಿಟ್ಟಳು.

ಪುಟ್ಟತಾಯಮ್ಮ ಬಟ್ಟಲನ್ನು ನೋಡಿದಳು, ಶೀಲಾವತಿಯನ್ನು ನೋಡಿದಳು. "ಇದು ಉಪ್ಪಿಟ್ಟಲ್ವಾ? ಸಜ್ಜಿಗೆ ಅಂದ್ರಲ್ಲ?"

"ಇದುವೇ ಸಜ್ಜಿಗೆ."

"ಅಯ್ಯೋ, ನಮ್ಮ ಕಡೆ ಸಜ್ಜಿಗೆ ಅಂದ್ರೆ ಸಿಹಿ ಅಲ್ವಾ? ರವೆ ತುಪ್ಪದಲ್ಲಿ ಹುರಿದು, ಸಕ್ಕರೆ ಹಾಕಿ, ಏಲಕ್ಕಿ..."

"ಅದು ಶೀರ!"

"ನಿಮಗೆ ಶೀರವೋ ಏನೋ. ನಮಗೆ ಸಜ್ಜಿಗೆ."

ಶೀಲಾವತಿ ಕಾಫಿಯ ಪಾತ್ರೆಯನ್ನು ಕೆಳಗಿಟ್ಟಳು. ಚಾವಡಿಯಲ್ಲಿ ಮಲಗಿದ್ದ ಮಾವನ ಕಡೆ ತಿರುಗಿದಳು. ಅತ್ತೆ ಬದುಕಿದ್ದಾಗ ಒಮ್ಮೆ ನಗೆಯಾಡಿದ್ದು ನೆನಪಾಯಿತು: ಮದುವೆಗೆ ಮೊದಲು, ತಂದೆಯ ಜೊತೆ ಜಗಳವಾಡಿ ಮೇದಪ್ಪ ಗೌಡರು ಘಟ್ಟ ಹತ್ತಿ ಓಡಿಹೋಗಿದ್ದರಂತೆ, ಮೈಸೂರಿನಲ್ಲಿ ಯಾರದೋ ಮನೆಯಲ್ಲಿ ಐದು ವರ್ಷ ಇದ್ದರಂತೆ. ತಂದೆ ತೀರಿಕೊಂಡ ಮೇಲೆ ಬಂದವರು ಅಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ. ಯಾರ ಮನೆ, ಯಾರು ಮಾಡಿ ಬಡಿಸುತ್ತಿದ್ದರು, ಒಂದೂ ಗೊತ್ತಿಲ್ಲ. ಐವತ್ತು ವರ್ಷ ಇಲ್ಲಿಯ ಸಜ್ಜಿಗೆಯನ್ನು ಸಜ್ಜಿಗೆ ಎಂದೇ ತಿಂದ ಮನುಷ್ಯ. ಇದ್ದ ಮಾತೆಲ್ಲ ಹೋಗಿ ಒಂದೇ ಮಾತು ಉಳಿದಾಗ, ಉಳಿದದ್ದು ಅಲ್ಲಿಯದು.

"ನನ್ನ ಮಾವನಿಗೆ ಬೇಕು ಅದು. ಹೇಗೆ ಮಾಡುದು, ಹೇಳಿ ಅಮ್ಮ" ಎಂದಳು.

ಪುಟ್ಟತಾಯಮ್ಮನಿಗೆ ಕಾಯಿಲೆಯ ವಿಷಯ ಏನು ಗೊತ್ತು? ಪರಸ್ಥಳದಲ್ಲಿ ತನ್ನೂರಿನ ಅಡುಗೆ ಕೇಳುವವರು ಸಿಕ್ಕಿದರು ಎಂಬ ಉತ್ಸಾಹದಲ್ಲಿ ಎದ್ದೇಬಿಟ್ಟಳು. ಶೀಲಾವತಿಗೆ ಡಾಕ್ಟರ ಮಾತು ಮರೆತಿರಲಿಲ್ಲ. ಒಂದು ಚಮಚ, ಒಂದೇ ಒಂದು ಚಮಚ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಲೇ ಅಕ್ಕಿ ಮುಡಿಯ ಹಿಂದಿನಿಂದ ಡಬ್ಬಿ ತೆಗೆದಳು. ರವೆ ತುಪ್ಪದಲ್ಲಿ ಕೆಂಪಾಯಿತು. ಸಕ್ಕರೆ ಕರಗಿತು. ಏಲಕ್ಕಿ ಕುಟ್ಟಿ ಹಾಕಿದ್ದೇ ಪರಿಮಳ ಮನೆ ತುಂಬಿತು.

ಚಾವಡಿಯಿಂದ ಸದ್ದು ಬಂತು. ಬೇಡುವ ಸ್ವರ ಅಲ್ಲ, ಸಿಟ್ಟೂ ಅಲ್ಲ. ಮೆಲ್ಲಗೆ, ಗುರುತು ಹಿಡಿದವರ ಸ್ವರ. "ಸಜ್ಜಿಗೆ... ಸಜ್ಜಿಗೆ..."

ಪುಟ್ಟತಾಯಮ್ಮ ಅಕ್ಕಿ ಹಿಡಿದುಕೊಂಡು ಹೋದ ಮೇಲೆ ಶೀಲಾವತಿ ಬಟ್ಟಲಲ್ಲಿ ಒಂದಿಷ್ಟು ಹಾಕಿಕೊಂಡು ಹೊರಟಳು. ತೀರ್ಥರಾಮ ಅದೇ ಆಗ ಶಾಲೆಯಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ವಾಸನೆ ಹಿಡಿದು ಒಳಗೆ ಬಂದವನಿಗೆ ಅವಳು ನಾಲ್ಕು ಮಾತಲ್ಲಿ ಎಲ್ಲ ಹೇಳಿದಳು. ಅವನು ಗೋಡೆಗೆ ಒರಗಿದ.

"ಇದನ್ನಾ ಕೇಳ್ತಾ ಇದ್ದದ್ದು ಅಪ್ಪ? ಇಷ್ಟು ದಿನ?"

"ಒಂದು ಚಮಚ ಕೊಡ್ತೇನೆ. ಒಂದೇ."

"ಒಂದಕ್ಕೆ ನಿಲ್ಲಿಸಲಿಕ್ಕೆ ಆಗ್ತದಾ ನಿನ್ನಿಂದ? ನಾಳೆ ಕೇಳಿದರೆ? ನಾಡಿದ್ದು?" ಎಂದ. ಮತ್ತೆ ಅವನ ಸ್ವರ ಬಿದ್ದುಹೋಯಿತು. "ಇವತ್ತು ಬೆಳಿಗ್ಗೆ ಬಟ್ಟೆ ಬಿಚ್ಚುವಾಗ ಎರಡನೇ ಬೆರಳೂ ಕಪ್ಪಾಗಿತ್ತು ಶೀಲಾ. ನಿನಗೆ ಹೇಳಲಿಲ್ಲ. ಕೊಡು ಹೇಳಲಿಕ್ಕೆ ನನಗೆ ಬಾಯಿ ಬರುದಿಲ್ಲ. ಬೇಡ ಹೇಳಲಿಕ್ಕೂ ಬರುದಿಲ್ಲ. ನೀನೇ ನೋಡು." ಅಷ್ಟು ಹೇಳಿ ದನದ ಹಟ್ಟಿಯ ಕಡೆಗೆ ಹೋಗಿಬಿಟ್ಟ. ಗಂಡಸರಿಗೆ ಅಷ್ಟಾದರೂ ಅನುಕೂಲ ಉಂಟು. ತಡೆಯಲಾಗದಿದ್ದರೆ ಹೊರಗೆ ಹೋಗಬಹುದು.

ಶೀಲಾವತಿ ಚಾವಡಿಯ ಹೊಸ್ತಿಲು ದಾಟಿದಳು. ಮಾವ ಎಡಗೈ ಊರಿ ಕತ್ತು ಎತ್ತಿದ್ದರು. ಬಟ್ಟಲು ಕಂಡದ್ದೇ ಅವರ ಮುಖ ಅರಳಿತು. ಓರೆಯಾದ ಬಾಯಿಯಲ್ಲಿಯೇ ನಕ್ಕರು. ಮದುವೆಯಾಗಿ ಬಂದು ಹದಿನಾಲ್ಕು ವರ್ಷದಲ್ಲಿ ಮಾವ ಹಾಗೆ ನಕ್ಕದ್ದನ್ನು ಅವಳು ಕಂಡಿರಲಿಲ್ಲ. ಬಾಯಿ ತೆರೆದು ಕಾದರು. ಹೊದಿಕೆಯ ಕೆಳಗಿನಿಂದ ಬಲಗಾಲು ಹೊರಗೆ ಬಂದಿತ್ತು. ಬೆಳಿಗ್ಗೆ ಕಟ್ಟಿದ ಬಿಳಿ ಬಟ್ಟೆ ಒದ್ದೆಯಾಗಿ ಹಳದಿ ಬಣ್ಣಕ್ಕೆ ತಿರುಗಿತ್ತು.

ಚಮಚ ಎತ್ತಿದಳು. ಅವಳ ಕೈ ಮುಂದೆ ಹೋಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರವರು ಯಾವುದಕ್ಕೆಲ್ಲ ಹೇಳುತ್ತಾರೆ. ಅವಳ ಮುಂದೆ ಆ ಬಾಯಿ ತೆರೆದೇ ಇತ್ತು.

"ಇಲ್ಲ ಮಾವ" ಎಂದಳು. "ಆಗುದಿಲ್ಲ ಮಾವ." ಬಟ್ಟಲು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಓಡಿದಳು.

ಹಿಂದಿನಿಂದ ಆ ಮಾತು ಬಂತು, ಮತ್ತೆ ಬಂತು. ದೀಪ ಹಚ್ಚುವ ಹೊತ್ತಿನ ತನಕ ಬಂತು. ಅವಳು ಒಲೆಯ ಮುಂದೆ ಕಿವಿ ಮುಚ್ಚಿ ಕುಳಿತಳು. ಗೊತ್ತಿಲ್ಲದ ದಿನ ಎಷ್ಟು ಸುಖವಾಗಿತ್ತು ಎಂದು ಅನ್ನಿಸಿತು. ಅಂದು ಮಾಡಲು ಬಾರದೆ ತಪ್ಪುತ್ತಿದ್ದೆ. ಇಂದು ಮಾಡಲು ಬರುತ್ತದೆ, ಮಾಡಿಯೂ ಆಗಿದೆ, ಕೊಡಲು ಬರುವುದಿಲ್ಲ. ಆ ಸಜ್ಜಿಗೆಯನ್ನು ತಾನು ತಿನ್ನಲು ಮನಸ್ಸು ಬಾರದೆ, ಚೆಲ್ಲಲೂ ಮನಸ್ಸು ಬಾರದೆ, ಹಟ್ಟಿಗೆ ಹೋಗಿ ದನದ ಅಕ್ಕಚ್ಚಿನ ಬಾನಿಗೆ ಸುರಿದಳು. ದನ ತಳದ ತನಕ ನೆಕ್ಕಿತು.

ಮರುದಿನ ಬೆಳಿಗ್ಗೆ ಬೇರೆ ದಾರಿ ಕಾಣದೆ ಎಂದಿನ ಹಾಗೆ ಸಾಸಿವೆ ಸಿಡಿಸಿ ಉಪ್ಪು ಸಜ್ಜಿಗೆಯನ್ನೇ ಮಾಡಿ ತಂದಳು. ಉಗುಳು ಒರೆಸಲು ಬಟ್ಟೆಯನ್ನೂ ತಂದಿದ್ದಳು. ಮಾವ ಅವಳ ಮುಖ ನೋಡಲಿಲ್ಲ. ಬಾಯಿ ತೆರೆದರು. ತುತ್ತಿಟ್ಟಳು. ನಿಧಾನವಾಗಿ ಜಗಿದು ನುಂಗಿದರು. ಮತ್ತೆ ಬಾಯಿ ತೆರೆದರು.

ಉಗುಳಲಿ ಎಂದು ಅವಳು ಕಾದಳು. ಒಮ್ಮೆ ಥೂ ಎನ್ನಲಿ, ಸೀರೆಯ ಮೇಲೆಯೇ ಬೀಳಲಿ. ಗೌಡರು ಉಗುಳಲಿಲ್ಲ. ಬಟ್ಟಲು ಖಾಲಿಯಾಯಿತು.

"ಇನ್ನು ಸ್ವಲ್ಪ ತರಲಾ ಮಾವ? ಎಂತ ಬೇಕು? ಹೇಳಿ ಮಾವ, ಒಮ್ಮೆ ಹೇಳಿ."

ಅವರು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು. ಇದ್ದ ಒಂದು ಮಾತೂ ಅಂದಿನಿಂದ ನಿಂತುಹೋಯಿತು.

ತಿಂಗಳು ಬಿಟ್ಟು ವಾರಿಜಾಕ್ಷಿ ಅಪ್ಪನನ್ನು ನೋಡಲು ಬಂದಳು. ಅಪ್ಪ ತಕರಾರಿಲ್ಲದೆ ಒಂದು ಬಟ್ಟಲು ಸಜ್ಜಿಗೆ ತಿಂದು ಮುಗಿಸುವುದನ್ನು ಚಾವಡಿಯಲ್ಲಿ ನಿಂತು ನೋಡಿದಳು. ಕೆನ್ನೆ ಕೂಡ ಸ್ವಲ್ಪ ತುಂಬಿದ ಹಾಗೆ ಕಂಡಿತು ಅವಳಿಗೆ. ಒಳಗೆ ಬಂದು ಶೀಲಾವತಿಯ ಬೆನ್ನು ತಟ್ಟಿ, ಮನಸ್ಸಿನಿಂದಲೇ ಹೇಳಿದಳು: "ಅಂತೂ ಅಪ್ಪನಿಗೆ ಬೇಕಾದ ಹಾಗೆ ಮಾಡ್ಲಿಕ್ಕೆ ಕಲಿತೆ ನೋಡು ನೀನು."

"ಹೌದು ಅತ್ತಿಗೆ" ಎಂದಳು ಶೀಲಾವತಿ, ಬಟ್ಟಲು ತೊಳೆಯಲು ಬಾವಿಕಟ್ಟೆಗೆ ಹೋದಳು.