ಅಮ್ಮ ಬಾಯಿ ಬಿಡುತ್ತಿಲ್ಲ

ಅಮ್ಮ ಬಾಯಿ ಬಿಡುತ್ತಿಲ್ಲ ಎಂದು ಆರೈಕೆ ಕೇಂದ್ರದ ದೊಡ್ಡ ಸಿಸ್ಟರ್ ಫೋನ್ ಮಾಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅವಳು ಬಾಯಿ ಬಿಟ್ಟು ಒಂದು ಮಾತಾಡಲಿ ಎಂದು ನಾನು ವರ್ಷಗಟ್ಟಲೆ ಕಾದು ಕೂತಿದ್ದೇನೆ, ಇವರಿಗೆ ಈಗ ಗೊತ್ತಾಯಿತೇ? ಆದರೆ ಅವರು ಹೇಳುತ್ತಿದ್ದುದು ಊಟದ ವಿಷಯ.

"ಚಮಚ ಹತ್ರ ತಂದ್ರೆ ತುಟಿ ಬಿಗಿ ಹಿಡೀತಾರೆ. ತೂಕ ಇಳೀತಾ ಇದೆ. ನಾಳೆ ಡಾಕ್ಟರು ಬರ್ತಾರೆ, ಮೂಗಿನಿಂದ ಟ್ಯೂಬ್ ಹಾಕ್ಬೇಕಾಗಬಹುದು."

ಮರೆವಿನ ಕಾಯಿಲೆ ಬಲಿತ ಮೇಲೆ ನುಂಗುವುದೂ ಮರೆತುಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಮ್ಮ ನನ್ನನ್ನು ಮರೆತಳು, ಸಹಿಸಿಕೊಂಡೆ. ಟ್ಯೂಬ್ ಹಾಕಿದರೆ ಅದನ್ನು ಕಿತ್ತುಹಾಕದಂತೆ ಕೈ ಕಟ್ಟಬೇಕಾಗುತ್ತದಂತೆ. ಜೀವಮಾನವೆಲ್ಲ ಬಟ್ಟೆ ಹೊಲಿದ ಆ ಕೈಗಳನ್ನು ಕಟ್ಟುವುದನ್ನು ನೋಡಲು ನನ್ನಿಂದಾಗದು.

ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ. ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದಳು. ಮಡಿಲಲ್ಲಿ ಕಳೆದ ತಿಂಗಳು ನಾನೇ ತಂದುಕೊಟ್ಟ ನೀಲಿ ಬಟ್ಟೆ. ಅಲ್ಲಿಯವರೆಗೆ ತನ್ನ ಕೈಯನ್ನು ತಾನೇ ಪರಚಿಕೊಳ್ಳುತ್ತಿದ್ದವಳು, ಬಟ್ಟೆ ಸಿಕ್ಕಿದ್ದೇ ತಡ, ಅಂಚು ಮಡಿಚುತ್ತ ಶಾಂತಳಾಗಿದ್ದಳು. "ಒಳ್ಳೇ ಉಪಾಯ ಅಕ್ಕ" ಎಂದು ಆಯಾ ಹೇಳಿದಾಗ ನಾನು ಉಬ್ಬಿಹೋಗಿದ್ದೆ. ಅದಕ್ಕಿಂತ ಹೆಚ್ಚು ಉಬ್ಬಿದ್ದು ಬೇರೊಂದಕ್ಕೆ. ಬಟ್ಟೆ ಬಂದ ಮೇಲೆ ನಾನು ಕರೆದರೆ ಅಮ್ಮ "ಹ್ಞೂಂ" ಎನ್ನುತ್ತಿದ್ದಳು. ಆ ಒಂದು ಹ್ಞೂಂ ಕೇಳಲು ಕಿಕ್ಕಿರಿದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ.

ಆಯಾ ಬೆನ್ನಿಗೆ ದಿಂಬು ಕೊಟ್ಟು ಅಮ್ಮನನ್ನು ನೆಟ್ಟಗೆ ಕೂರಿಸಿದಳು, ಗಂಜಿ ಆರಿಸಿದಳು, ಚಮಚ ಹಿಡಿದಳು. ಅಮ್ಮ ಮುಖ ತಿರುಗಿಸಲಿಲ್ಲ, ಕೈ ತಳ್ಳಲಿಲ್ಲ. ತುಟಿ ಮಾತ್ರ ಬಿಗಿ.

"ಅಮ್ಮಾ, ಒಂದೇ ಒಂದು ತುತ್ತು," ಎಂದೆ.

"ಹ್ಞೂಂ," ಎಂದಳು, ತುಟಿ ಬಿಚ್ಚದೆ. ಅವಳ ಬೆರಳು ತುಟಿಯ ಮೂಲೆಗೆ ಹೋಗಿ, ಏನನ್ನೋ ಎಳೆದು, ಬಟ್ಟೆಯ ಅಂಚಿಗೆ ಚುಚ್ಚಿತು.

ಅವಳ ಬೆರಳಲ್ಲಿ ಏನೂ ಇರಲಿಲ್ಲ. ಆದರೆ ಅವಳ ಪಾಲಿಗೆ ಅದು ಗುಂಡುಸೂಜಿ. ಹಿಂದೆ ತನ್ನ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಕೂತರೆ ಅಮ್ಮನ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳಿರುತ್ತಿದ್ದವು. ಗಿರಾಕಿ ಬರಲಿ, ಮನೆಗೆ ಬೆಂಕಿ ಬೀಳಲಿ, ಅವಳದು ಒಂದೇ ಉತ್ತರ, ಹ್ಞೂಂ. ಬಾಯಲ್ಲಿ ಸೂಜಿ ಇಟ್ಟುಕೊಂಡವರು ಬಾಯಿ ತೆರೆಯುತ್ತಾರೆಯೇ? ನಾನು ಕೊಟ್ಟ ಬಟ್ಟೆ ಅವಳನ್ನು ಮತ್ತೆ ಅಂಗಡಿಯಲ್ಲಿ ಕೂರಿಸಿತ್ತು. ನಾನು ಹಿಗ್ಗುತ್ತಿದ್ದ ಆ ಹ್ಞೂಂ ಅವಳ ಅನ್ನಕ್ಕೆ ಕಲ್ಲು ಹಾಕಿತ್ತು.

ಬಟ್ಟೆ ತೆಗೆಯಲು ಆಯಾ ಕೈ ಚಾಚಿದಳು. "ತಡೀರಿ," ಎಂದೆ. ಚಿಕ್ಕವಳಿದ್ದಾಗ ಊಟಕ್ಕೆ ಕರೆಯಲು ಹೋದರೆ ಮಾಡುತ್ತಿದ್ದ ಹಾಗೆ ಅಮ್ಮನ ಗಲ್ಲದ ಕೆಳಗೆ ಅಂಗೈ ಒಡ್ಡಿದೆ. ಅಮ್ಮ ಅದನ್ನು ನೋಡಿದಳು. ಇಲ್ಲದ ಸೂಜಿಗಳನ್ನು ತುಟಿಯಿಂದ ಒಂದೊಂದೇ ತೆಗೆದು, ನನಗೆ ಚುಚ್ಚದಂತೆ ಜೋಪಾನವಾಗಿ ಅದರಲ್ಲಿಟ್ಟಳು. ಎಲ್ಲ ಇಟ್ಟಾದ ಮೇಲೆ ಬಾಯಿ ತೆರೆದಳು.

ಅವಳು ನನ್ನನ್ನು ಕರೆಯುತ್ತಿದ್ದುದು ಚೂಟಿ ಎಂದು. ಈಗ ಕರೆಯುತ್ತಾಳೆ ಎಂದು ಕಾದೆ. ಕರೆಯಲಿಲ್ಲ. ಆಯಾ ಗಂಜಿ ಕೊಟ್ಟಳು. ಅಮ್ಮನ ಗಂಟಲು ಮೇಲೆ ಹೋಗಿ ಕೆಳಗಿಳಿಯಿತು. ನುಂಗುವುದನ್ನು ಅವಳು ಮರೆತಿರಲಿಲ್ಲ.

ಮರುದಿನ ಡಾಕ್ಟರು ಪಕ್ಕದಲ್ಲೇ ಕೂತು ಅಮ್ಮ ಉಣ್ಣುವುದನ್ನು ನೋಡಿದರು. ಸದ್ಯಕ್ಕೆ ಟ್ಯೂಬ್ ಬೇಡ ಎಂದರು. "ಆದ್ರೆ ಪ್ರತಿ ಊಟಕ್ಕೂ ನೀವು ಬರೋಕಾಗುತ್ತಾ?"

ಆಗುವುದಿಲ್ಲ. ಅದಕ್ಕೇ ಆಯಾಗೆ ಹೇಳಿಕೊಟ್ಟೆ. ಹೇಳಿಕೊಡುವಾಗ ಒಳಗೊಳಗೇ ಒಂದು ಕೆಟ್ಟ ಆಸೆ. ಅಮ್ಮ ಇವಳಿಗೆ ಕೊಡಬಾರದು, ನನ್ನ ಕೈಯೇ ಬೇಕೆಂದು ಹಟ ಹಿಡಿಯಬೇಕು. ಆಯಾ ಅಂಗೈ ಒಡ್ಡಿದಳು. ಅಮ್ಮ ಅಷ್ಟೇ ಜೋಪಾನವಾಗಿ ಒಂದೊಂದೇ ಸೂಜಿಯನ್ನು ಅವಳ ಕೈಗಿಟ್ಟು ಬಾಯಿ ತೆರೆದಳು.

"ನೋಡಿ ಅಕ್ಕ, ನನಗೂ ಕೊಟ್ರು," ಎಂದು ಆಯಾ ನಕ್ಕಳು.

"ಕೊಡ್ಲಿ. ದಿನಾ ಕೊಡ್ಲಿ," ಎಂದೆ. ನೀರು ತರುವ ನೆಪದಲ್ಲಿ ಹೊರಗೆ ಬಂದು, ಸಿಂಕಿನ ಎದುರು ನಿಂತು ಅತ್ತುಬಿಟ್ಟೆ.