ನೆಡ್ ರಿಡ್ಜ್‌ನ ಎಡ ಹಿಮ್ಮಡಿ

ಸಿರಿಲ್ ಹೇಡಾಕ್‌ಗೆ ಆ ವರ್ಷದ ಸಾವಿರ ರನ್ ತುಂಬಲು ಇನ್ನೂ ಇಪ್ಪತ್ತಮೂರು ಬೇಕಾಗಿತ್ತು. ಉಳಿದಿದ್ದದ್ದು ಒಂದೇ ಒಂದು ದಿನ. ಸೆಪ್ಟೆಂಬರಿನ ಕೊನೆಯ ಪಂದ್ಯ ಮೂರು ದಿನದ್ದು. ಮೊದಲೆರಡು ದಿನವನ್ನು ಮಳೆ ನುಂಗಿ ನೀರು ಕುಡಿದಿತ್ತು. ಕೌಂಟಿ ತಂಡದಲ್ಲಿ ಬ್ಯಾಟು ಹಿಡಿದು ಹೊಟ್ಟೆ ಹೊರೆಯುವವನಿಗೆ ಸಾವಿರ ಎಂದರೆ ಹುಡುಗಾಟವಲ್ಲ. ಅದಾದರೆ ಮುಂದಿನ ಏಪ್ರಿಲ್‌ನಲ್ಲಿ ಹೊಸ ಋತುವಿನ ಆಟಕ್ಕೆ ಕರೆ ಬರುತ್ತದೆ, ಆಗದಿದ್ದರೆ ಕಾರ್ಯದರ್ಶಿಯಿಂದ ಮೂರು ಸಾಲಿನ ಪತ್ರ ಬರುತ್ತದೆ. ವಯಸ್ಸು ನಲವತ್ತೊಂದು ದಾಟಿದವನಿಗಂತೂ ಇದರಲ್ಲಿ ರಿಯಾಯಿತಿ ಇಲ್ಲವೇ ಇಲ್ಲ. ಆಗಸ್ಟಿನಲ್ಲೇ ಕಾರ್ಯದರ್ಶಿ ಹೆಗಲ ಮೇಲೆ ಕೈಯಿಟ್ಟು, ಸಾವಿರ ಮಾಡಿಬಿಡಪ್ಪ, ಆಮೇಲೆ ನೋಡೋಣ ಎಂದಿದ್ದ. ಹೆಗಲ ಮೇಲೆ ಕೈಯಿಡುವ ಕಾರ್ಯದರ್ಶಿಯನ್ನು ನಂಬುವಷ್ಟು ದಡ್ಡನಲ್ಲ ಸಿರಿಲ್.

ಹೊಟ್ಟೆಪಾಡೇನೋ ಹೇಗೋ ನಡೆಯುತ್ತಿತ್ತು. ಸ್ಟೇಷನ್ ರಸ್ತೆಯ ಬಣ್ಣದಂಗಡಿಯವನು, ಯಾವಾಗ ಬೇಕಾದರೂ ಬಾ, ಡಬ್ಬ ಎತ್ತಿಡುವುದಕ್ಕೆ ಜನ ಬೇಕು ಎಂದಿದ್ದ. ಸಿರಿಲ್‌ಗೆ ಹೆದರಿಕೆಯಿದ್ದದ್ದು, ಉಳಿದವರೆಲ್ಲ ಮೈದಾನಕ್ಕೆ ಹೊರಡುವ ಏಪ್ರಿಲ್ ತಿಂಗಳ ಬೆಳಗಿನದು. ಹೆಂಡತಿ ಮಕ್ಕಳಿಲ್ಲ. ಗಿರಣಿ ಬೀದಿಯ ಒಬ್ಬ ವಿಧವೆಯ ಮನೆಯ ಮಹಡಿಯಲ್ಲಿ ಬಾಡಿಗೆ ಕೋಣೆ. ಅವಳಿಗೂ ಇವನಿಗೂ ಮಾತೆಂದರೆ ಚಹಾ ಆರಿತು, ಕಲ್ಲಿದ್ದಲು ಬಂತು, ಇಷ್ಟೇ. ಬಾಯಿ ತುಂಬ ಅವನ ಹೆಸರು ಕೂಗುವ ಜಾಗ ಭೂಮಿಯ ಮೇಲೆ ಒಂದೇ ಒಂದಿತ್ತು, ಅದು ಆ ಮೈದಾನ.

ನಿಜ ಹೇಳಬೇಕೆಂದರೆ ಆ ಮೈದಾನವೂ ಮೂರು ವರ್ಷದಿಂದ ಅವನ ಪಾಲಿಗೆ ಅರ್ಧ ಖಾಲಿಯೇ. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಅವನೂ ನೆಡ್ ರಿಡ್ಜ್‌ನೂ ಜೋಡಿಯಾಗಿ ಆಟ ಆರಂಭಿಸಿದವರು. ಪರ ಊರಿಗೆ ಹೋದರೆ ಹೋಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ನೆಡ್‌ಗೆ ಕಿಟಕಿ ಪಕ್ಕದ ಮಂಚ, ಸಿರಿಲ್‌ಗೆ ಬಾಗಿಲ ಪಕ್ಕದ್ದು. ರನ್ ಓಡುವಾಗ ಉಳಿದವರೆಲ್ಲ ಓಡು, ನಿಲ್ಲು, ಬೇಡ ಎಂದು ಗಂಟಲು ಹರಿದುಕೊಂಡರೆ ಇವರಿಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸಿರಿಲ್ ಚೆಂಡು ತಳ್ಳಿ ಎದುರು ತುದಿಯತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದ. ನೆಡ್‌ನ ಎಡ ಹಿಮ್ಮಡಿ ನೆಲ ಬಿಟ್ಟಿದ್ದರೆ ಓಡುವುದು, ಬಿಡದಿದ್ದರೆ ನಿಲ್ಲುವುದು. ಫೀಲ್ಡರ್‌ಗಳಿಗೆ ಸುಳಿವೇ ಹತ್ತುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಆ ಜೋಡಿಯಲ್ಲಿ ಒಬ್ಬನಾದರೂ ರನ್ ಔಟ್ ಆದದ್ದಿಲ್ಲ ಎಂದರೆ ನಂಬಬೇಕು. "ಏನ್ರಪ್ಪಾ, ಮನೇಲಿ ಜಗಳ ಆಡ್ಕೊಂಡು ಬಂದಿದೀರಾ? ಮಾತೇ ಇಲ್ವಲ್ಲ!" ಎಂದು ಗಿರಣಿಯ ಜನ ಬೆಂಚಿನ ಮೇಲಿಂದ ಛೇಡಿಸುತ್ತಿದ್ದರು.

ನೆಡ್‌ನ ಮೊಣಕಾಲು ಕೈಕೊಟ್ಟಿತು. ಅವನು ಅಂಪೈರ್ ಆದ, ಹೆಂಡತಿ ಡೋರಿಸ್‌ಳ ತವರಿನ ಕಡೆ ಮನೆ ಮಾಡಿದ. ಅಂಪೈರನ್ನು ಅವನ ಹಳೆಯ ತಂಡದ ಪಂದ್ಯಕ್ಕೆ ಹಾಕುವ ರೂಢಿಯಿಲ್ಲ. ಆಟಗಾರರ ಜೊತೆ ಅವನು ಊಟಕ್ಕೆ ಕೂರುವಂತಿಲ್ಲ, ಹರಟುವಂತಿಲ್ಲ. ಹಾಗಾಗಿ ಮೂರು ವರ್ಷಕ್ಕೆ ಮೂರು ಕ್ರಿಸ್‌ಮಸ್ ಕಾರ್ಡು ಬಂದವು, ಮೂರೂ ಡೋರಿಸ್‌ಳ ಕೈಬರಹದವು. ತಂಡದವರು ಹಿರಿಯ ಎಂದು ಸಿರಿಲ್‌ಗೆ ಹೋಟೆಲಿನಲ್ಲಿ ಒಂಟಿ ಕೋಣೆ ಕೊಡಿಸುತ್ತಿದ್ದರು. ಪಾಪ, ಗೌರವ ಮಾಡಿದೆವೆಂದೇ ಅವರ ಭಾವನೆ. ಕೋಣೆಯಲ್ಲಿ ಎರಡು ಮಂಚವಿದ್ದರೆ ಸಿರಿಲ್ ಈಗಲೂ ಬಾಗಿಲ ಪಕ್ಕದ್ದರಲ್ಲೇ ಮಲಗುತ್ತಿದ್ದ.

ಆ ಕೊನೆಯ ದಿನ ಬೆಳಿಗ್ಗೆ, ಪಂದ್ಯಕ್ಕೆ ಬಂದಿದ್ದ ಇಬ್ಬರು ಅಂಪೈರ್‌ಗಳಲ್ಲಿ ಒಬ್ಬ ತಾನಿಳಿದುಕೊಂಡಿದ್ದ ಮನೆಯ ಮೆಟ್ಟಿಲಿನಿಂದ ಜಾರಿ ಸೊಂಟ ಉಳುಕಿಸಿಕೊಂಡ. ಅಲ್ಲಿಗೆ ಇಲ್ಲಿಗೆ ಫೋನಾಯಿತು. ಪಕ್ಕದ ಕೌಂಟಿಯಲ್ಲಿ ಪಂದ್ಯ ಮಳೆಗೆ ರದ್ದಾಗಿ ಬಿಡುವಾಗಿದ್ದವನು ಒಬ್ಬನೇ, ಬೇರೆ ಗತಿಯಿಲ್ಲದೆ ಅವನನ್ನೇ ಕರೆಸಿದರು. ಹತ್ತೂವರೆಗೆ ಪೆವಿಲಿಯನ್ ಮೆಟ್ಟಿಲ ಬಳಿ ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದ ನೆಡ್‌ನನ್ನು ಕಂಡು ಸಿರಿಲ್ ಎರಡು ಹೆಜ್ಜೆ ಮುಂದಿಟ್ಟ. ಹೆಸರು ಬಾಯಿಗೆ ಬಂದೇಬಿಟ್ಟಿತ್ತು. ಪಕ್ಕದಲ್ಲಿ ಎರಡೂ ತಂಡದ ನಾಯಕರಿದ್ದರು. ನೆಡ್ ಹ್ಯಾಟು ಮುಟ್ಟಿ, "ಗುಡ್ ಮಾರ್ನಿಂಗ್, ಹೇಡಾಕ್" ಎಂದು ಒಳಗೆ ಹೋದ. ಅವನು ಹಾಗೆಯೇ ಅನ್ನಬೇಕು, ಬೇರೆ ಥರ ಅನ್ನುವಂತಿಲ್ಲ ಎಂದು ಸಿರಿಲ್‌ಗೆ ಗೊತ್ತಿತ್ತು. ಆದರೂ ನೋವಾಯಿತು.

ಸಿರಿಲ್‌ನ ಈಗಿನ ಜೊತೆಗಾರ ಟ್ರೆವರ್ ಗಿಲ್. ಇಪ್ಪತ್ತನಾಲ್ಕರ ತರುಣ, ಒಳ್ಳೆಯವನೇ, ಆದರೆ ಮೀನು ಮಾರುವವನ ಗಂಟಲು. ಒಂದು ರನ್‌ಗೆ ಅವನು ಹಾಕುವ ಕೂಗು ಕಾಲುವೆಯಾಚೆಯ ಗಿರಣಿಗೂ ಕೇಳಬೇಕು. ಎರಡು ವರ್ಷದಿಂದ ಸಿರಿಲ್ ಆ ಕೂಗಿಗೆ ಹೇಗೋ ಒಗ್ಗಿಕೊಂಡಿದ್ದ.

ಆಟ ಆರಂಭವಾದಾಗ ಸಿರಿಲ್ ಬ್ಯಾಟು ನೆಟ್ಟಗೆ ಹಿಡಿದು, ನಡುವಿನ ಸ್ಟಂಪಿನ ನೇರಕ್ಕೆ ಗುರುತು ಕೇಳಿದ. ಎದುರು ತುದಿಯಿಂದ ನೆಡ್ ಬೆರಳಲ್ಲಿ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಎಂದು ತೋರಿಸಿ, ಸರಿ ಎಂದು ಕೈ ಇಳಿಸಿದ. ಅಷ್ಟೇ ಆದದ್ದು. ಆದರೆ ಆ ಕ್ಷಣದಿಂದ ಸಿರಿಲ್‌ನ ಮೈಯೊಳಗೆ ಏನೋ ಸಡಿಲವಾಯಿತು. ಮೂರು ತಿಂಗಳಿಂದ ಪ್ರತಿ ರನ್ನನ್ನೂ ಎಣಿಸಿ ಎಣಿಸಿ ಸುಣ್ಣವಾಗಿದ್ದವನು ಎಣಿಸುವುದನ್ನೇ ಬಿಟ್ಟ. ನೆಡ್ ಅಲ್ಲಿ ನಿಂತಿದ್ದ, ಜೇಬಿನಲ್ಲಿ ಬೆಣಚುಕಲ್ಲು ಸರಿಸಿ ಎಸೆತ ಲೆಕ್ಕ ಹಾಕುತ್ತಿದ್ದ, ಮೊದಲಿನ ಹಾಗೇ ಕೊಂಚ ಬಲಕ್ಕೆ ವಾಲಿಕೊಂಡು. ಚೆಂಡು ಬ್ಯಾಟಿನ ನಡುಮಧ್ಯಕ್ಕೆ ಬರತೊಡಗಿತು. ಎರಡು ಬೌಂಡರಿ, ಲೆಗ್ ಕಡೆಗೆ ಮೂರು, ಮತ್ತೆರಡು ಬೌಂಡರಿ. ಬೆಂಚಿನ ಮೇಲಿದ್ದ ಎಂಬತ್ತು ಜನ ಚಪ್ಪಾಳೆ ತಟ್ಟಿದರು. ಸಿರಿಲ್‌ಗೆ ಖುಷಿಯಾಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅವನು ಒಬ್ಬನೇ ಅನ್ನಿಸಲಿಲ್ಲ.

ಹತ್ತೊಂಬತ್ತು ಆಗಿತ್ತು. ಇನ್ನು ನಾಲ್ಕು ಬೇಕು. ಪೆವಿಲಿಯನ್‌ನಲ್ಲಿ ಎಲ್ಲರೂ ಬಾಲ್ಕನಿಗೆ ಬಂದು ನಿಂತಿದ್ದರು. ಲೆಕ್ಕ ಮರೆತಿದ್ದವನು ಆಡುವವನೊಬ್ಬನೇ.

ಚೆಂಡು ಸ್ವಲ್ಪ ಶಾರ್ಟಾಗಿ ಬಿತ್ತು. ಸಿರಿಲ್ ಅದನ್ನು ಕವರ್ ಕಡೆಗೆ ಮೆಲ್ಲಗೆ ತಳ್ಳಿ ಎದುರು ತುದಿಗೆ ಕಣ್ಣು ಹಾಯಿಸಿದ. ಅಲ್ಲಿ ಇಬ್ಬರಿದ್ದರು, ಟ್ರೆವರ್ ಮತ್ತು ಅವನ ಹಿಂದೆ ನೆಡ್. ಸಿರಿಲ್ ನೋಡಿದ್ದು ನೆಡ್‌ನ ಕಾಲನ್ನು. ಬಿಳಿ ಕೋಟಿನಂಚಿನ ಕೆಳಗೆ ಎಡ ಹಿಮ್ಮಡಿ ನೆಲ ಬಿಟ್ಟು ಎದ್ದಿತು. ಸಿರಿಲ್ ಓಡಿದ.

"ಬೇಡ! ಬೇಡ!" ಎಂದು ಟ್ರೆವರ್ ಅರಚಿದ. ಅಷ್ಟರಲ್ಲಿ ಸಿರಿಲ್ ಅರ್ಧ ದಾರಿಗೆ ಬಂದಿದ್ದ. ಆ ಕೂಗಿಗೆ ಕನಸಿನಿಂದೆದ್ದವನ ಹಾಗೆ ನಿಂತ. ಮುದುಕ ನಡುದಾರಿಯಲ್ಲಿ ಸಿಕ್ಕಿಕೊಂಡದ್ದನ್ನು ನೋಡಲಾರದೆ ಟ್ರೆವರ್ ತಾನೂ ಓಡಿ ಬಂದು ಅವನನ್ನು ದಾಟಿ ಆ ಕಡೆಗೆ ಹೋದ. ಸಿರಿಲ್ ಮತ್ತೆ ಕಾಲು ಕಿತ್ತ. ಫೀಲ್ಡರ್ ಎಸೆದದ್ದು ನೇರ ನೆಡ್‌ನ ತುದಿಗೆ. ಸ್ಟಂಪು ಹಾರಿತು. ಸಿರಿಲ್‌ನ ಬ್ಯಾಟು ಗೆರೆಯಿಂದ ಒಂದಡಿ ಹೊರಗಿತ್ತು. ಹನ್ನೊಂದು ಗಂಟಲು ಒಟ್ಟಿಗೆ ಔಟ್ ಕೊಡೆಂದು ಕೂಗಿದವು.

ನೆಡ್ ಬಿದ್ದ ಸ್ಟಂಪನ್ನು ನೋಡಿದ, ಗೆರೆಯನ್ನು ನೋಡಿದ, ಕೊನೆಗೆ ಸಿರಿಲ್‌ನ ಮುಖ ನೋಡಿದ. ನೋಡುತ್ತಲೇ ಬೆರಳೆತ್ತಿದ.

ಒಂಬೈನೂರ ತೊಂಬತ್ತಾರು. ಅವನು ಒಳಗೆ ಬಂದಾಗ ನಾಯಕ ಬೆನ್ನು ತಟ್ಟಿ ಬೇಗ ಹೊರಟುಹೋದ. ಸ್ವಲ್ಪ ಹೊತ್ತಿಗೆ ಟ್ರೆವರನೂ ಔಟಾಗಿ ಬಂದು ಪಕ್ಕದಲ್ಲಿ ಕುಳಿತ, ಅಳುಮುಖ ಮಾಡಿಕೊಂಡು. "ನಾ ಕೂಗಿದ್ದೆ, ಮಿಸ್ಟರ್ ಹೇಡಾಕ್. ನೀವು ನನ್ನ ಕಡೆ ನೋಡ್ಲೇ ಇಲ್ಲ" ಎಂದ. ನಿನ್ನದೇನೂ ತಪ್ಪಿಲ್ಲಪ್ಪ ಎಂದು ಸಿರಿಲ್ ಪ್ಯಾಡು ಬಿಚ್ಚತೊಡಗಿದ. ಪಟ್ಟಿಯ ಬಕಲು ಕೈಗೆ ಸಿಗಲೇ ಇಲ್ಲ, ಟ್ರೆವರನೇ ಬಿಚ್ಚಿಕೊಟ್ಟ.

ಆಟ ಮುಗಿದು ಎಲ್ಲರೂ ಕೈಕುಲುಕಿ ಮುಂದಿನ ಏಪ್ರಿಲ್‌ಗೆ ಸಿಗೋಣ ಎಂದು ಚದುರಿದರು. ಸಿರಿಲ್‌ಗೆ ಹಾಗೆ ಹೇಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ. ಅವನು ಚೀಲ ಹೊತ್ತು ಹಿಂದಿನ ಗೇಟಿಗೆ ಬಂದಾಗ ಅಲ್ಲಿ, ಹುಲ್ಲು ಒತ್ತುವ ದೊಡ್ಡ ಉರುಳೆಗಲ್ಲಿನ ಮರೆಯಲ್ಲಿ ನೆಡ್ ಕಾದಿದ್ದ. ಬಿಳಿ ಕೋಟು ಮಡಿಸಿ ಕಂಕುಳಲ್ಲಿಟ್ಟುಕೊಂಡಿದ್ದ.

"ಹಿಮ್ಮಡಿ ಎದ್ದುಬಿಡ್ತು ಕಣೋ" ಎಂದ ನೆಡ್.

"ನೋಡ್ದೆ."

"ಮೂರು ವರ್ಷದಲ್ಲಿ ಯಾರಿಗೂ ಎದ್ದಿರ್ಲಿಲ್ಲ. ನಾನು ಹೋಗಿ ಕಾರ್ಯದರ್ಶಿಗೆ ಹೇಳ್ತೀನಿ. ತಪ್ಪು ನಂದು ಅಂತೀನಿ."

ಸಿರಿಲ್ ತಲೆಯಾಡಿಸಿದ. ಬ್ಯಾಟು ಮಾಡುವವನಿಗೆ ಸನ್ನೆ ಮಾಡಿದ ಅಂಪೈರ್‌ಗೆ ಮಾರನೆಯ ವಾರ ಕೋಟು ಇರುವುದಿಲ್ಲ. ಡೋರಿಸ್‌ಳ ಮನೆ ಆ ಕೋಟಿನ ಮೇಲೇ ನಡೆಯುವುದು. "ಸುಮ್ನಿರು" ಎಂದ. "ನಾನು ಔಟ್ ಆಗಿದ್ದೆ ತಾನೆ?"

"ಒಂದಡಿ ಹೊರಗಿದ್ದೆ."

"ಹಾಗಾದ್ರೆ ಮುಗೀತು."

ನೆಡ್ ಕೋಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. ಆಮೇಲೆ ಸಿಟ್ಟು ಬಂದವನ ಹಾಗೆ ಕೇಳಿದ: "ಆ ಹುಡುಗ ನನ್ನ ಮುಂದೇ ನಿಂತಿದ್ನಲ್ಲೋ. ಅವನನ್ನ ಬಿಟ್ಟು ನನ್ನ ಯಾಕೋ ನೋಡ್ದೆ?"

"ಇನ್ಯಾರನ್ನ ನೋಡ್ಲಿ, ನೆಡ್?"

ನೆಡ್ ಗೇಟಿನ ಅಗಳಿ ತೆಗೆದ. ಅವನಿಗೆ ಆರೂ ನಲವತ್ತರ ರೈಲಿತ್ತು, ಸ್ಟೇಷನ್ನು ಇದ್ದದ್ದು ರಸ್ತೆಯ ಆಚೆಗೇ. ಇಬ್ಬರೂ ಗೇಟು ದಾಟಿ ಫುಟ್‌ಪಾತಿನ ಅಂಚಿಗೆ ಬಂದರು. ಗಿರಣಿ ಬಿಟ್ಟ ಹೊತ್ತು. ಎಡದಿಂದ ಬಸ್ಸು, ಬಲದಿಂದ ಲಾರಿ, ನಡುವೆ ಸೈಕಲ್ಲುಗಳ ಹಿಂಡು. ಒಂದು ಸಂದು ಸಿಕ್ಕಿತು. ಬಾ ಎಂದು ಯಾರೂ ಅನ್ನಲಿಲ್ಲ, ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಇಬ್ಬರೂ ಒಟ್ಟಿಗೆ ಕಾಲೆತ್ತಿ ಇಟ್ಟು ಆಚೆ ಸೇರಿದರು. ನೆಡ್‌ನ ಕೆಟ್ಟ ಮೊಣಕಾಲೂ ಹಿಂದೆ ಬೀಳಲಿಲ್ಲ.

ಅಲ್ಲಿ ನೆಡ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಕ್ರಿಸ್‌ಮಸ್‌ಗೆ ಮನೆಗೆ ಬಾ ಎಂದ. ಬರುತ್ತೇನೆ ಎಂದ ಸಿರಿಲ್. ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಆಟಗಾರನಾಗಿ ಉಳಿದರೆ ಹೋಗುವಂತಿಲ್ಲ. ಉಳಿಯದಿದ್ದರೆ, ತನ್ನ ಮುಖ ಕಂಡರೆ ನೆಡ್‌ಗೆ ಆ ಬೆರಳೇ ನೆನಪಾಗುತ್ತದೆ. ನೆಡ್ ಸ್ಟೇಷನ್ ಮೆಟ್ಟಿಲು ಹತ್ತಿದ, ಒಮ್ಮೆ ತಿರುಗಿ ನೋಡಿ ಒಳಗೆ ಹೋದ.

ಸಿರಿಲ್‌ನ ಕೋಣೆಯಿದ್ದದ್ದು ಮೈದಾನದ ಕಡೆಗೆ. ನೆಡ್‌ನ ಜೊತೆ ದಾಟಬೇಕೆಂದೇ ಅವನು ಇಲ್ಲಿವರೆಗೆ ಬಂದದ್ದು, ಈಗ ವಾಪಸು ದಾಟಬೇಕಾಗಿತ್ತು. ಅಂಚಿನಲ್ಲಿ ಚೀಲ ಹಿಡಿದು ನಿಂತ. ಬಸ್ಸು ಹೋಯಿತು, ಸೈಕಲ್ಲುಗಳು ಹೋದವು, ರೈಲು ಕೂಗಿ ಹೊರಟಿತು. ರಸ್ತೆ ಆ ತುದಿಯಿಂದ ಈ ತುದಿಗೆ ಖಾಲಿಯಾಯಿತು. ಸಿರಿಲ್ ಪಕ್ಕಕ್ಕೆ ತಿರುಗಿ ಕೆಳಗೆ, ನೆಡ್‌ನ ಹಿಮ್ಮಡಿ ಇರಬೇಕಾದ ಕಡೆ ನೋಡಿದ, ಮತ್ತೆ ರಸ್ತೆ ನೋಡಿದ, ಮತ್ತೂ ಬಹಳ ಹೊತ್ತು ದಾಟದೆ ಅಲ್ಲೇ ನಿಂತಿದ್ದ.