ತುಂಬಿದ ಬಟ್ಟಲಿನ ನೋಟಿಸು

ಹೊಸ ಬಾಡಿಗೆ ಕಾನೂನಿನ ಕರಡಿನ ಬಗ್ಗೆ ಅಭಿಪ್ರಾಯ ಹೇಳಿ ಎಂದು ಸಮರಕಂದದ ನಮ್ಮ ಮೊಹಲ್ಲಾದವರನ್ನೆಲ್ಲ ಚಹಾಖಾನೆಗೆ ಕರೆದಿದ್ದರು. ಬಾಡಿಗೆದಾರರಿಂದ ಮನೆ ಬಿಡಿಸಬೇಕಾದರೆ ಮೂರು ತಿಂಗಳು ಮೊದಲೇ ಬರೆದು ತಿಳಿಸಬೇಕಂತೆ. ಮನೆಯ ಮಾಲೀಕನಾದ ನಾನು ವಿರೋಧಿಸಲೆಂದೇ ಹೋಗಿದ್ದೆ.

"ಬಾಯಿಮಾತು ಸಾಲ್ದಾ? ಕಾಗದ ತಿನ್ನೋಕೆ ನಾವೇನು ಮೇಕೆಗಳಾ?" ಎಂದೆ. ಮಾಲೀಕರೆಲ್ಲ ತೊಡೆ ತಟ್ಟಿದರು.

ಆಗ ನನ್ನ ಬಾಡಿಗೆದಾರ, ಗಡಿಯಾರ ರಿಪೇರಿಯ ಸೈದುಲ್ಲಾ ಎದ್ದು ನಿಂತ. ಅವನೂ ಅವನ ಹೆಂಡತಿ ಮೊಹಿಗುಲ್ ಕೂಡ ಆರು ವರ್ಷಗಳಿಂದ ನನ್ನ ಅಂಗಳದ ಆಚೆ ಬದಿಯ ಕೋಣೆಗಳಲ್ಲಿದ್ದಾರೆ. ನನ್ನ ಹೆಂಡತಿ ಜುಲ್ಹುಮೋರ್ ಅಲ್ಲಾಹನ ಬಳಿಗೆ ಹೋದ ಮೇಲೆ ಆ ಅಂಗಳದಲ್ಲಿ ಕೇಳುವ ಮನುಷ್ಯರ ದನಿ ಎಂದರೆ ಅವರಿಬ್ಬರದೇ.

"ತುರೋಬ್ ತಾತ ಬಾಯೂ ಬಿಡ್ಲಿಲ್ಲ!" ಎಂದ ಅವನು, ನನ್ನತ್ತ ಕೈ ತೋರಿಸಿ. "ಮೊನ್ನೆ ನನ್ನ ಕರೆದು ಬಟ್ಟಲಿನ ಅಂಚಿನವರೆಗೂ ಚಹಾ ಹಾಕಿದ್ರು. ಕುಡಿದೆ. ಮತ್ತೆ ತುಂಬಿಸಿದ್ರು! ಸಾಮಾನೆಲ್ಲ ಗಾಡಿಗೆ ಹೇರಿ ಬಂದಿದೀನಿ."

ಎಲ್ಲರೂ ನನ್ನತ್ತ ತಿರುಗಿದರು. ನಮ್ಮಲ್ಲಿ ಬಟ್ಟಲಿಗೆ ಎರಡು ಗುಟುಕು ಹಾಕಿದರೆ ಮರ್ಯಾದೆ. ತುಂಬಿಸಿದರೆ 'ಎದ್ದು ಹೊರಡು' ಎಂದರ್ಥ.

ಮೊಹಲ್ಲಾದ ಹಿರಿಯ ಹಮ್ರೋಕುಲ್ ಗಡ್ಡ ಎಳೆದುಕೊಂಡ. "ಥೂ, ನಾಯೀನಾದ್ರೂ ಹಚಾ ಅಂತ ಬಾಯಲ್ಲಿ ಹೇಳಿ ಓಡಿಸ್ತೀವಲ್ಲಯ್ಯಾ!"

ನಾನು ಎದ್ದು ನಿಂತೆ. "ಅಯ್ಯೋ, ಮನೇಲಿ ಚಹಾ ಹಾಕ್ತಿದ್ದೋಳು ನಮ್ಮ ಜುಲ್ಹುಮೋರ್ ಕಣ್ರಪ್ಪಾ! ಬಿಸ್ಮಿಲ್ಲಾ ಅಂತ ಕೆಟಲ್ ಬಗ್ಗಿಸ್ದೆ, ಅವಳ ನೆನಪಾಯ್ತು, ಅವಳ ಆತ್ಮಕ್ಕೆ ಫಾತಿಹಾ ಓದ್ದೆ. ಮುಗಿಯೋ ಹೊತ್ತಿಗೆ ಬಟ್ಟಲು ತುಂಬಿತ್ತು."

"ಎರಡನೇ ಸಲ?"

"ಆ ಫಾತಿಹಾ ನಮ್ಮತ್ತೆಗೆ."

ಹಮ್ರೋಕುಲ್ ನಗು ತಡೆಯಲಾರದೆ ಕೆಮ್ಮಿದ. ಆಮೇಲೆ ಚರ್ಚೆ ಹಳಿ ತಪ್ಪಿತು. ಅರ್ಧ ಬಟ್ಟಲು ಎಂದರೆ ಎಷ್ಟು ತಿಂಗಳ ಅವಧಿ ಎಂದು ಒಬ್ಬ ಕೇಳಿದ. ಚೆಲ್ಲಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಇನ್ನೊಬ್ಬ ಹಟ ಹಿಡಿದ.

"ನಿಲ್ಸಿ ನಿಮ್ಮ ಚಹಾ ಪುರಾಣ!" ಎಂದು ಹೆಂಗಸರ ಸಾಲಿನಿಂದ ಮೊಹಿಗುಲ್ ಗದರಿದಳು. "ನಿನ್ನೆಯಿಂದ ಅತ್ಕೊಂಡು ಗಂಟುಮೂಟೆ ಕಟ್ತಿದೀನಿ. ಬರೆದೇ ಕೊಡ್ಬೇಕು ಅಂತ ಕಾನೂನು ಬರ್ಲಿ!"

ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ಮಾಲೀಕರು ನನ್ನನ್ನು ದ್ರೋಹಿ ಎಂದರು. ನಾನು ಅದನ್ನು ಕೇಳುತ್ತ ನಿಲ್ಲಲಿಲ್ಲ. ಮನೆಯ ಕಡೆಗೆ ಓಡಿದೆ. ಬಾಗಿಲಲ್ಲಿ ಗಾಡಿಯವನು ಕತ್ತೆಗೆ ಮೇವು ಹಾಕುತ್ತಿದ್ದ.

"ಹೊರಡೋಣ್ವಾ?" ಎಂದ.

"ಯಾರೂ ಎಲ್ಲಿಗೂ ಹೋಗಲ್ಲ," ಎಂದು ಹೇಳಿ ರಜಾಯಿಗಳ ಕಂತೆಯನ್ನು ಕೆಳಗಿಳಿಸಿ ತಲೆಯ ಮೇಲೆ ಹೊತ್ತುಕೊಂಡೆ. ಕಣ್ಣು ಮುಚ್ಚಿಹೋಗಿ, ನೇರವಾಗಿ ಪಕ್ಕದವರ ಮನೆಯೊಳಕ್ಕೆ ನುಗ್ಗಿದೆ.

ಹಿಂದೆಯೇ ಓಡಿಬಂದ ಮೊಹಿಗುಲ್ ಕೂಗಿದಳು: "ಎಡಕ್ಕೆ ತಾತಾ, ಎಡಕ್ಕೆ! ನಮ್ಮನೆ ಎಡಕ್ಕೆ!"

ನಮ್ಮನೆ ಎಂದಳು. ಅಲ್‌ಹಮ್ದುಲಿಲ್ಲಾ.